ನೇರಳಕುಂಟೆ ನೀರುಗಂಟಿಯ ದನಿ

ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಅದರೊಳಗೆ ಎರಡು ಕಂಪ್ಯೂಟರು, ಒಂದು ಫ್ಯಾನು, ಮತ್ತೆ ನಾಲ್ಕು ತಾಲ್ಲೂಕಿನ ಕೆರೆಗಳು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆ ಕುಂಟೆಗಳ ಹೆಸರು, ನಕ್ಷೆ, ಹಳಬರು ಹೇಳಿದ ಮಾತುಗಳ ಧ್ವನಿಮುದ್ರಣ, ಎಲ್ಲವನ್ನೂ ಒಂದು ಟ್ರಸ್ಟಿನವರು ಕೂಡಿಹಾಕಿ ಕಂಪ್ಯೂಟರಿಗೆ ತುಂಬಿದ್ದರು. ಅದಕ್ಕೆ ‘ಕೆರೆ ಕಡತ’ ಎಂದು ಹೆಸರು. ಹುಡುಕುವ ಚೌಕದಲ್ಲಿ ದೇವರಾಯಸಮುದ್ರ ಎಂದು ಬರೆದರೆ ಆ ಊರಿನ ಕೆರೆ ಏಳುತ್ತಿತ್ತು, ಕ್ಯಾಲನೂರು ಎಂದರೆ ಅಲ್ಲಿಯದು.

ಪರ್ವೀನ್ ಆ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಕೂತಿದ್ದಳು. ಮಧ್ಯಾಹ್ನದ ಹೊತ್ತು ಕೆಳಗಡೆ ಹೊಲಿಗೆ ಯಂತ್ರಗಳ ಸದ್ದು ಒಂದೇ ಸಮನೆ ಏರುತ್ತಿರುವಾಗ ಅವಳಿಗೆ ಅರೆ ಎಚ್ಚರ, ಅರೆ ಜೊಂಪು. ಆಗ ತೆರೆಯ ಮೇಲಿನ ಹೆಸರುಗಳು ತೇಲುತ್ತಿರುವಂತೆ ಕಾಣುತ್ತಿದ್ದವು. ಯಾವುದೋ ಕೆರೆಯ ಕೋಡಿಯ ಮೇಲೆ ತಾನು ಬರಿಗಾಲಲ್ಲಿ ನಡೆಯುತ್ತಿದ್ದೇನೆ, ಕಾಲ ಕೆಳಗೆ ಕಲ್ಲು ತಣ್ಣಗಿದೆ ಎನ್ನಿಸಿ, ಕೆಳಗೆ ಯಾರಾದರೂ ಕತ್ತರಿ ಬೀಳಿಸಿದರೆ ತಟ್ಟನೆ ಕುರ್ಚಿಗೆ ಮರಳುತ್ತಿದ್ದಳು.

ಕಡತ ಮಾಡಿಕೊಟ್ಟ ಕಂಪನಿಯವರು ಅದರೊಳಗೆ ಐದು ಪಾತ್ರಗಳನ್ನು ಮೊದಲೇ ಗೊತ್ತು ಮಾಡಿಟ್ಟಿದ್ದರು. ಯಾರೇ ಬರಲಿ, ಈ ಕೋಣೆಯಿಂದಾಗಲಿ ತಮ್ಮ ಫೋನಿನಿಂದಾಗಲಿ, ಆ ಐದರಲ್ಲೊಂದು ಆಗಿಯೇ ಒಳಗೆ ಬರಬೇಕು. ‘ಓದುಗರು’ ಎಂದರೆ ಕೆರೆಯ ಹೆಸರು, ನಕ್ಷೆ ಮಾತ್ರ ನೋಡುವವರು. ‘ಆಯಕಟ್ಟಿನವರು’ ಎಂದರೆ ಕೆರೆಯ ಕೆಳಗೆ ಗದ್ದೆ ಇರುವವರು. ಅವರು ತಮ್ಮ ಕೆರೆಯ ನೀರಿನ ಸರದಿಯ ಮಾತನ್ನೂ ಕೇಳಬಹುದು. ‘ತಿದ್ದುವವರು’ ಎಂದರೆ ಎಲ್ಲವನ್ನೂ ಕೇಳಿ, ತಪ್ಪಿದ್ದರೆ ಪಕ್ಕದಲ್ಲಿ ಬರೆಯುವವರು. ಅದಕ್ಕೆ ಆಯಕಟ್ಟಿನ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ‘ಯಜಮಾನರು’ ಒಬ್ಬರೇ, ಟ್ರಸ್ಟಿನ ಕೋಲಾರ ಆಫೀಸಿನ ನರೇಶ್. ಐದನೆಯದು ‘ಬಾಗಿಲು ಕಾಯುವವರು’. ಅದು ಪರ್ವೀನಳದು. ಅವಳು ಬೇರೆಯವರಿಗೆ ಪಾತ್ರ ಕೊಡಬಹುದು, ಯಾರು ಯಾವಾಗ ಏನು ತೆರೆದರು ಎಂದು ನೋಡಬಹುದು. ಸರದಿಯ ಮಾತುಗಳನ್ನು ಮಾತ್ರ ತಾನು ಕೇಳುವಂತಿಲ್ಲ. ಹೊಸದಾಗಿ ಆರನೆಯ ಪಾತ್ರ ಹುಟ್ಟಿಸುವುದಕ್ಕೆ ನರೇಶನಿಗೂ ಬರುತ್ತಿರಲಿಲ್ಲ.

ಸರದಿಯ ಮಾತಿಗೆ ಇಷ್ಟು ಭದ್ರತೆ ಯಾಕೆಂದರೆ, ಹಿಂದೊಮ್ಮೆ ಒಂದೂರಿನ ಸರದಿಯನ್ನು ಪಕ್ಕದೂರಿನವರು ಕೇಳಿ, ಅದನ್ನೇ ಹಿಡಿದು ಜಗಳಕ್ಕೆ ಬಂದಿದ್ದರು. ಅಲ್ಲಿಂದೀಚೆಗೆ ಯಾರ ಕೆರೆ ಮಾತು ಅವರಿಗೆ ಮಾತ್ರ.

ಕಾರ್ತಿಕದ ಒಂದು ಬುಧವಾರ ಆದಿಲಕ್ಷ್ಮಿ ಮಹಡಿ ಹತ್ತಿ ಬಂದಳು. ಐವತ್ತು ದಾಟಿದ ಹೆಂಗಸು. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ. ಬೆರಳ ಸಂದಿಯಲ್ಲಿ ಟೊಮೆಟೊ ಎಲೆಯ ಹಸಿರು ಇನ್ನೂ ಹೋಗಿರಲಿಲ್ಲ. ಕುರುಡುಮಲೆ ದಾಟಿ ಹೋದರೆ ಸಿಗುವ ನೇರಳಕುಂಟೆ ಅವಳ ಊರು. ಅವಳಪ್ಪ ಮುನಿರಾಮಪ್ಪ ಆ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂದು ಸಾರುತ್ತಿದ್ದವನು. ಹನ್ನೆರಡು ವರ್ಷದ ಕೆಳಗೆ ಟ್ರಸ್ಟಿನವರು ಬಂದು ಅವನ ಬಾಯಿಂದ ಇಡೀ ಸರದಿಯನ್ನು ಧ್ವನಿಮುದ್ರಿಸಿಕೊಂಡಿದ್ದರು. ಮರುವರ್ಷ ಅವನು ತೀರಿಕೊಂಡ.

ಆದಿಲಕ್ಷ್ಮಿ ಬೆಂಚಿನ ತುದಿಯಲ್ಲಿ ಕೂತು, ಬಂದ ಕೆಲಸವನ್ನು ನಿಧಾನವಾಗಿ ಹೇಳಿದಳು. ಅಪ್ಪ ಕನಸಿಗೆ ಬರುತ್ತಾನೆ. ಮುಖ ಕಾಣುತ್ತದೆ, ತಲೆಯ ಟವೆಲು ಕಾಣುತ್ತದೆ, ಬಾಯಿ ಆಡುತ್ತದೆ. ಮಾತು ಮಾತ್ರ ಕೇಳಿಸುವುದಿಲ್ಲ. ಮೊದಮೊದಲು ಕನಸಿನ ದೋಷ ಎಂದುಕೊಂಡಿದ್ದಳು. ಆಮೇಲೆ ಒಂದು ದಿನ ಮಂಡಿಯಲ್ಲಿ ಕೂತಾಗ ನೆನಪು ಮಾಡಿಕೊಳ್ಳಲು ನೋಡಿದರೆ, ಎಚ್ಚರದಲ್ಲೂ ಅಪ್ಪನ ದನಿ ಸಿಗಲಿಲ್ಲ. ಮನೆಯಲ್ಲಿ ಒಂದು ಫೋಟೋ ಇದೆ, ಅಷ್ಟೇ. ದನಿ ಇರುವುದು ಈ ಕಡತದಲ್ಲಿ ಮಾತ್ರ ಎಂದು ಊರಿನವರು ಹೇಳಿದ್ದರು.

ಪರ್ವೀನ್ ಹುಡುಕುವ ಚೌಕದಲ್ಲಿ ನೇರಳಕುಂಟೆ ಎಂದು ಬರೆದಳು. ಹೆಸರು, ನಕ್ಷೆ, ನೀರುಗಂಟಿ ಮುನಿರಾಮಪ್ಪ, ಇಪ್ಪತ್ತೆರಡು ನಿಮಿಷ. ಪಕ್ಕದಲ್ಲಿ ಪುಟ್ಟ ಬೀಗದ ಗುರುತು. ಅದರ ಕೆಳಗೆ ಅವನೇ ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಚೀಟಿಯ ಚಿತ್ರ: ಈ ಮಾತನ್ನು ನಮ್ಮ ಆಯಕಟ್ಟಿನವರು ಬಿಟ್ಟು ಬೇರೆ ಯಾರೂ ಕೇಳಬಾರದು.

“ಅಕ್ಕ, ನಿಮಗೆ ಕೆರೆ ಕೆಳಗೆ ಗದ್ದೆ ಐತಾ?”

“ಎಲ್ಲಿಂದ ಬರ್ತದಮ್ಮ? ನೀರು ಬಿಡೋನು ನಮ್ ನಾಯ್ನ. ಗದ್ದೆ ಊರೋರ್ದು.”

ಪರ್ವೀನ್ ಚೀಟಿಯನ್ನು ಓದಿ ಹೇಳಿದಳು. ಆದಿಲಕ್ಷ್ಮಿ ತೆರೆಯ ಮೇಲಿನ ಹೆಬ್ಬೆಟ್ಟಿನ ಗುರುತನ್ನೇ ನೋಡುತ್ತಿದ್ದಳು. ಆ ಗೆರೆಗಳು ನೀರಿಗೆ ಕಲ್ಲೆಸೆದಾಗ ಏಳುವ ಸುತ್ತಿನಂತಿದ್ದವು.

“ಬೇರೆ ಯಾರೂ ಅಂದ್ರೆ ಅದ್ರಲ್ಲಿ ನಾನೂ ಸೇರಿದ್ನಾ?” ಎಂದು ಅವಳು ಕೇಳಿದಳು. ಆ ಪ್ರಶ್ನೆ ಪರ್ವೀನಳಿಗೆ ಕೇಳಿದ್ದೋ ಹೆಬ್ಬೆಟ್ಟಿಗೆ ಕೇಳಿದ್ದೋ ತಿಳಿಯಲಿಲ್ಲ.

ಪರ್ವೀನ್ ನರೇಶನಿಗೆ ಫೋನ್ ಮಾಡಿದಳು. ಮಗಳು ಎಂಬ ಪಾತ್ರ ನಮ್ಮಲ್ಲಿ ಇಲ್ಲವಲ್ಲ ಮೇಡಂ, ಎಂದು ಅವನು ಬೇಸರದಿಂದಲೇ ಹೇಳಿದ. ಗದ್ದೆ ಇಲ್ಲದವರನ್ನು ಆಯಕಟ್ಟಿನವರು ಎಂದು ಬರೆದರೆ ಸತ್ತವರ ಮಾತು ಮುರಿದಂತೆ. ಒಂದು ಕಡೆ ಮುರಿದರೆ ಉಳಿದ ಊರುಗಳವರು ನಮ್ಮನ್ನು ನಂಬುವುದಿಲ್ಲ. ಅವನ ಮಾತಿನಲ್ಲಿ ತಪ್ಪು ಹುಡುಕಲು ಪರ್ವೀನಳಿಗೂ ಆಗಲಿಲ್ಲ. ಓದುಗರು ಎಂಬ ಪಾತ್ರ ಕೊಡುತ್ತೇನೆ, ನಕ್ಷೆಯನ್ನಾದರೂ ನೋಡಬಹುದು ಎಂದಾಗ ಆದಿಲಕ್ಷ್ಮಿ ಬೇಡವೆಂದಳು. ಕೆರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಮೆಟ್ಟಿಲಿಳಿದು ಹೋದ ಮೇಲೆ ಪರ್ವೀನ್ ಸುಮ್ಮನೆ ಕುತೂಹಲಕ್ಕೆಂದು ಆ ದಾಖಲೆಯನ್ನು ಯಾರ್ಯಾರು ತೆರೆದಿದ್ದಾರೆ ಎಂದು ನೋಡಿದಳು. ನೇರಳಕುಂಟೆಯ ಆಯಕಟ್ಟಿನವರು ಮೂವತ್ತೊಂದು ಜನ. ಮೂವತ್ತೊಂದು ಜನಕ್ಕೂ ಅವಳೇ ತನ್ನ ಕೈಯಾರೆ ಪಾತ್ರ ಕೊಟ್ಟಿದ್ದಳು, ಮೂರು ವರ್ಷದ ಹಿಂದೆ. ಅವರಲ್ಲಿ ಎಷ್ಟೋ ಜನ ನಕ್ಷೆ ನೋಡಿದ್ದರು. ಮುನಿರಾಮಪ್ಪನ ಮಾತನ್ನು ಒಬ್ಬರೂ, ಒಮ್ಮೆಯೂ ಕೇಳಿರಲಿಲ್ಲ. ಬೀಗದ ಗುರುತಿನ ಮುಂದೆ ಸೊನ್ನೆ ಇತ್ತು.

ಪರ್ವೀನ್ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ಕೇಳಬೇಕೆಂದು ಬಂದವಳಿಗೆ ಬಾಗಿಲಿಲ್ಲ, ಬಾಗಿಲು ತೆರೆದೇ ಇರುವವರಿಗೆ ಕಿವಿಯಿಲ್ಲ. ಆ ಸೊನ್ನೆಯೊಳಗೆ ಮುದುಕನೊಬ್ಬ ಟವೆಲು ಕಟ್ಟಿಕೊಂಡು ಕೂತು, ಹನ್ನೆರಡು ವರ್ಷದಿಂದ ಬಾಯಾಡಿಸುತ್ತಿರುವಂತೆ ಅವಳಿಗೆ ಕಂಡಿತು.

ಮರುದಿನ ಬೆಳಿಗ್ಗೆ ಅವಳು ಕುರುಡುಮಲೆ ಬಸ್ಸು ಹತ್ತಿ, ಇಳಿದು, ಆಟೋದಲ್ಲಿ ನೇರಳಕುಂಟೆಗೆ ಹೋದಳು. ಎರಡು ಮಳೆಗಾಲ ಒಟ್ಟಿಗೆ ಕೂಡಿಬಂದು ಕೆರೆ ತುಂಬಿ ನಿಂತಿತ್ತು. ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಏರಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಏರಿಯ ಮೇಲೆ ಇಬ್ಬರು ಮಂಜಿನೊಳಗಿಂದ ನಡೆದು ಬಂದರು. ಹಿರಿಯರು ಹುಸೇನ್ ಸಾಬ್. ಬಿಳಿ ಗಡ್ಡ, ಮೊಣಕಾಲವರೆಗೆ ಮಡಿಸಿದ ಲುಂಗಿ. ಕೆರೆ ಕೆಳಗೆ ಒಂದೂವರೆ ಎಕರೆ ಗದ್ದೆ ಅವರಿಗೆ. ಜೊತೆಯಲ್ಲಿದ್ದವನು ಕದಿರೇಶ್, ನಡುವಯಸ್ಸಿನ ರೈತ, ಸುಮ್ಮನಿರಲು ಬಾರದವನು.

ಪರ್ವೀನ್ ತಾನು ಯಾರೆಂದು ಹೇಳಿ, ಸೊನ್ನೆಯ ವಿಷಯ ಕೇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಒಬ್ಬೊಬ್ರೇ ಕೇಳಕ್ಕಾಗ್ತದಾ ಬೇಟಿ?” ಎಂದರು ಹುಸೇನ್ ಸಾಬ್. “ನೀರುಗಂಟಿ ಸರದಿ ಹೇಳೋವಾಗ ಆಯಕಟ್ಟಿನೋರೆಲ್ಲಾ ಏರಿ ಮೇಲೆ ನಿಂತಿರ್ಬೇಕು. ಒಬ್ಬ ಕಮ್ಮಿ ಆದ್ರೂ ಹೇಳ್ತಿರ್ಲಿಲ್ಲ ಅವ್ನು. ಕಾಯ್ತಿದ್ದ. ಟ್ರಸ್ಟಿನೋರಿಗೆ ಹೇಳಿದ್ದು ಕೂಡಿಡಕ್ಕೆ, ಸಾರಕ್ಕಲ್ಲ. ಒಬ್ನೇ ಮನೇಲಿ ಕೂತು ಕೇಳಿದ್ರೆ ನೀರು ಕದ್ದಂಗೆ.”

“ಮೂರು ವರ್ಷದಿಂದ ನಮ್ ಫೋನಲ್ಲಿ ಐತೆ,” ಎಂದ ಕದಿರೇಶ್. “ನಮ್ಮೆಂಗ್ಸು, ಏನ್ರೀ ಅದು ಬೀಗದ ಗುರುತು, ಒತ್ರೀ ನೋಡೋಣ ಅಂತಾಳೆ. ಒತ್ತಿದ್ರೆ ಬೆಳಿಗ್ಗೆ ಊರೋರು ನನ್ ಗದ್ದೇಗೆ ಮಣ್ಣು ಹಾಕ್ತಾರೆ ಕಣೇ ಅಂದೆ.”

ಪರ್ವೀನಳಿಗೆ ನಗು ಬಂತು, ಜೊತೆಗೆ ಒಂದು ಬಗೆಯ ನಾಚಿಕೆಯೂ ಆಯಿತು. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಬೀಗದಕೈ ಮಾಡಿ ಹಂಚಿದ್ದಳು. ಈ ಊರಿನಲ್ಲಿ ಮೂವತ್ತೊಂದು ಬೀಗದಕೈ ಒಟ್ಟಿಗೆ ತಿರುಗಿದರೆ ಮಾತ್ರ ಒಂದು ಬಾಗಿಲು ತೆರೆಯುತ್ತದೆ ಎಂದು ಅವಳ ಕಂಪ್ಯೂಟರಿಗೆ ಯಾರು ಹೇಳಬೇಕಿತ್ತು?

ಇಷ್ಟು ವರ್ಷ ಕೆರೆಯಲ್ಲಿ ನೀರಿರಲಿಲ್ಲ, ಸೇರುವ ಕಾರಣವೂ ಇರಲಿಲ್ಲ. ಈಗ ತೂಬು ಎತ್ತಬೇಕು. ಸರದಿ ಸರಿಯಾಗಿ ಯಾರಿಗೂ ನೆನಪಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಏರಿ ಮೇಲೆ ಸೇರಿ ಕೇಳುವುದೆಂದು ಆಗಲೇ ಮಾತಾಗಿತ್ತು. ಪರ್ವೀನ್ ಆದಿಲಕ್ಷ್ಮಿ ಬಂದುಹೋದ ವಿಷಯ ಹೇಳಿದಳು. ಚೀಟಿಯ ಮಾತನ್ನೂ ಹೇಳಿದಳು. ತಾನು ಆಕೆಗೆ ಪಾತ್ರ ಕೊಡಲಾರೆ ಎಂದಳು.

ಹುಸೇನ್ ಸಾಬ್ ನೀರಿನ ಕಡೆ ತಿರುಗಿ ನಿಂತರು.

“ಅವ್ಳು ಹುಚ್ಚಿ. ಇಲ್ಲಿಗೆ ಬರೋದ್ ಬಿಟ್ಟು ಪೇಟೆಗೆ ಹೋಗವ್ಳೆ. ನೀರುಗಂಟಿ ಮನೇವ್ರಿಲ್ದೆ ಆಯಕಟ್ಟು ಸೇರಿದ್ದು ನಾನು ಹುಟ್ಟಿದ್ಮೇಲೆ ನೋಡಿಲ್ಲ. ಅವ್ಳು ಬರ್ದೇ ಹೋದ್ರೆ ತೂಬು ಯಾರು ಮುಟ್ಟೋದು?”

“ಕಾಗದದಲ್ಲಿ ಆಯಕಟ್ಟಿನವರು ಅಂತ ಮಾತ್ರ ಐತೆ ಚಚಾ.”

“ಮುನಿರಾಮಪ್ಪ ಆಯಕಟ್ಟು ಅಂದ್ರೆ ಏನಂತ ನಿನ್ ಕಾಗದಕ್ಕಿಂತ ನಂಗೆ ಗೊತ್ತು ಬೇಟಿ. ಭಾನುವಾರ ನೀನೂ ಬಾ.”

ಭಾನುವಾರದವರೆಗೂ ಪರ್ವೀನಳ ನಿದ್ದೆ ತೆಳ್ಳಗಾಯಿತು. ಅವಳು ಯಾರಿಗೂ ಹೊಸ ಪಾತ್ರ ಕೊಟ್ಟಿರಲಿಲ್ಲ, ಯಾವ ಬೀಗವನ್ನೂ ಮುರಿದಿರಲಿಲ್ಲ. ಆದರೂ ಏರಿಯ ಮೇಲೆ ಆಗುವುದನ್ನು ತಿಳಿದೂ ಸುಮ್ಮನಿರುವುದು ಒಂದು ಕೆಲಸವೇ ಎಂದು ಅವಳಿಗೆ ಗೊತ್ತಿತ್ತು. ಶನಿವಾರ ನರೇಶನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವನು, ಗಾಳಿಯಲ್ಲಿ ಹೋದ ಮಾತಿಗೆ ನಮ್ಮ ಕಡತದಲ್ಲಿ ಕಲಂ ಇಲ್ಲ, ಎಂದ.

ಏರಿಯ ಮೇಲೆ ಮೂವತ್ತೊಂದು ಜನ ಸೇರುವ ಹೊತ್ತಿಗೆ ಮಂಜು ಅರ್ಧ ಕರಗಿತ್ತು. ಬೆಂಗಳೂರು ಸೇರಿದ್ದ ಕೆಲವರು ಹಾಲಿನ ಗಾಡಿಯಲ್ಲೇ ಬಂದಿಳಿದರು. ಒಬ್ಬ ಮುದುಕಿಯನ್ನು ಮೊಮ್ಮಕ್ಕಳು ಕುರ್ಚಿ ಸಮೇತ ಹೊತ್ತು ತಂದರು. ಆದಿಲಕ್ಷ್ಮಿ ತೂಬಿನ ಕಲ್ಲುಕಂಬದ ಪಕ್ಕ, ಯಾರಿಗೂ ಅಡ್ಡವಾಗದಂತೆ ಕೂತಿದ್ದಳು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು, ಮದುವೆ ಮನೆಗೆ ಬಂದವಳಂತೆ. ಕದಿರೇಶ್ ಒಂದು ಸ್ಪೀಕರ್ ತಂದು ಕಲ್ಲಿನ ಮೇಲಿಟ್ಟು, ತನ್ನ ಫೋನಿಗೆ ಜೋಡಿಸಿದ.

ಪರ್ವೀನ್ ದೂರ ನಡೆಯತೊಡಗಿದಳು. ತಾನು ಬಾಗಿಲು ಕಾಯುವವಳು, ಕೇಳುವಂತಿಲ್ಲ. ನಲವತ್ತು ಹೆಜ್ಜೆ ಹೋದಾಗ ಹಿಂದಿನಿಂದ ಕದಿರೇಶ್ ಕೂಗಿದ.

“ಎಲ್ಲಿಗೋಗ್ತೀರಿ ಪರ್ವೀನಮ್ಮ? ಗಾಳಿ ನಿಮ್ ಕಡೇಗೇ ಬೀಸ್ತಾ ಐತೆ. ಆಂಧ್ರ ಗಡಿ ದಾಟಿದ್ರೂ ಕೇಳಿಸ್ತದೆ.”

ಜನ ನಕ್ಕರು. ಅವಳು ಅಲ್ಲೇ ಹೊಂಗೆಯ ಬುಡದಲ್ಲಿ ಕೂತುಬಿಟ್ಟಳು.

ಮೊದಲು ಬರೀ ಗಾಳಿಯ ಸದ್ದು ಬಂತು, ಹನ್ನೆರಡು ವರ್ಷದ ಹಿಂದಿನ ಗಾಳಿ. ಎಲ್ಲೋ ಕೋಳಿ ಕೂಗಿತು. ಆಮೇಲೆ ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡ. ಆ ಸದ್ದಿಗೇ ಏರಿಯ ಮೇಲಿದ್ದ ಹಳಬರು ನಿಂತಲ್ಲೇ ಸ್ವಲ್ಪ ನೆಟ್ಟಗಾದರು. ಟವೆಲುಗಳು ಹೆಗಲಿಂದ ಇಳಿದವು.

ಮುನಿರಾಮಪ್ಪ ಹೇಳತೊಡಗಿದ. ದನಿ ಪರ್ವೀನ್ ಎಣಿಸಿದಷ್ಟು ದಪ್ಪವಿರಲಿಲ್ಲ. ಸಣ್ಣದು, ಸ್ವಲ್ಪ ಮೂಗಿನಿಂದ ಬರುವಂಥದು, ಕೊನೆಯಲ್ಲಿ ತೆಲುಗಿನವರ ಹಾಗೆ ಎಳೆಯುವಂಥದು. ಮೊದಲು ಗುಡಿ ಗದ್ದೆಗೆ, ಹೊತ್ತು ಮೂಡಿದಾಗಿನಿಂದ ನೆರಳು ಕಾಲ ಕೆಳಗೆ ಬರುವ ತನಕ. ಅಲ್ಲಿಂದ ಬಡಗಣ ಕಾಲುವೆಗೆ. ಒಂದೊಂದು ಗದ್ದೆಯ ಹೆಸರು ಹೇಳುವಾಗಲೂ ಅವನು ತುಸು ನಿಲ್ಲುತ್ತಿದ್ದ. ಆ ನಿಲುವಿನಲ್ಲಿ ನೀರು ನಿಜವಾಗಿಯೂ ಅಲ್ಲಿಗೆ ಹೋಗಿ, ಮಡಿ ತುಂಬಿ, ಮತ್ತೆ ಹಿಂತಿರುಗಿ ಬಂದಂತೆ ಅನಿಸುತ್ತಿತ್ತು. ಪರ್ವೀನ್ ಕಣ್ಣು ಮುಚ್ಚಿದಳು. ತೆರೆಯ ಮೇಲೆ ಅಷ್ಟು ವರ್ಷ ನೋಡಿದ್ದ ನಕ್ಷೆಯ ಗೆರೆಗಳಲ್ಲಿ ಒಂದೊಂದಾಗಿ ನೀರು ಹರಿಯತೊಡಗಿತು.

ಆದಿಲಕ್ಷ್ಮಿ ಅಳಲಿಲ್ಲ. ತಲೆ ಒಂದು ಕಡೆ ವಾಲಿಸಿ, ಪರಿಚಯದವರನ್ನು ಜಾತ್ರೆಯ ಗುಂಪಿನಲ್ಲಿ ಹುಡುಕುವವಳಂತೆ ಕೇಳುತ್ತಿದ್ದಳು. ಇವರೇನಾ? ಹೌದೇನೋ. ಇದ್ದರೂ ಇರಬಹುದು.

ಒಂಬತ್ತನೇ ಗದ್ದೆಯ ಹೆಸರು ಹೇಳಿದ ಮೇಲೆ ಮುನಿರಾಮಪ್ಪನಿಗೆ ಕೆಮ್ಮು ಬಂತು. ಕೆಮ್ಮಿದ, ಮತ್ತೂ ಕೆಮ್ಮಿದ. ಆಮೇಲೆ ದನಿ ಬೇರೆಯಾಯಿತು. ಸರದಿ ಸಾರುವ ಗತ್ತೆಲ್ಲ ಹೋಗಿ, ಮನೆಯೊಳಗಿನ ದನಿಯಾಯಿತು.

“ಲಕ್ಷ್ಮೀ, ಚೊಂಬಲ್ಲಿ ನೀರು ತಾ ತಲ್ಲೀ.”

“ಬಂದೆ ನಾಯ್ನ.”

ಕಂಬದ ಪಕ್ಕದಿಂದ ಆದಿಲಕ್ಷ್ಮಿ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಜ್ಜೆ ಮುಂದಿಟ್ಟಾಗಿತ್ತು. ಅವಳು ಹೇಳಿ ಮುಗಿಸಿದ ಮೇಲೆ ಸ್ಪೀಕರಿನೊಳಗಿಂದ, ಹನ್ನೆರಡು ವರ್ಷ ಚಿಕ್ಕವಳಾದ ಅವಳದೇ ದನಿ, ದೂರದಿಂದ, ಅದೇ ಮಾತನ್ನು ಹೇಳಿತು. ಬಳೆಯ ಸದ್ದು, ಹೆಜ್ಜೆಯ ಸದ್ದು ಬಂತು. ಗುಟುಕು ಗುಟುಕಾಗಿ ಒಬ್ಬ ಮನುಷ್ಯ ನೀರು ಕುಡಿದ. ಅಂದು ತಾನು ನೀರು ಕೊಟ್ಟದ್ದು ಅವಳಿಗೆ ನೆನಪೇ ಇರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಬಹಳ ಹೊತ್ತಿನವರೆಗೆ ಅವಳ ಬಲಗೈ ಚೊಂಬು ಹಿಡಿದವಳಂತೆಯೇ ಮುಂದೆ ಚಾಚಿತ್ತು.

ಮುನಿರಾಮಪ್ಪ ಮತ್ತೆ ಸರದಿ ಮುಂದುವರಿಸಿದ. ಕೊನೆಯ ಗದ್ದೆಯವರೆಗೂ ಹೇಳಿ, ಇಷ್ಟೇ ಕಣ್ರಪ್ಪ, ಎಂದ. ಮುಗಿಯಿತು.

ಕದಿರೇಶ್ ಬೆರಳು ಮಡಿಸಿ ಎಣಿಸುತ್ತಿದ್ದವನು ಇನ್ನೊಮ್ಮೆ ಎಣಿಸಿದ. ಮೂವತ್ತು. ಒಂದು ಗದ್ದೆ ಬಂದೇ ಇಲ್ಲ. ಯಾರದು ಎಂದು ಜನ ಒಬ್ಬರನ್ನೊಬ್ಬರು ನೋಡಿದರು. ಹುಸೇನ್ ಸಾಬ್ ಮಾತ್ರ ಕೈಕಟ್ಟಿ, ಕೆರೆಯ ಆಚೆ ದಡ ನೋಡುತ್ತ ನಿಂತಿದ್ದರು. ತನ್ನ ಸರದಿಯನ್ನು ತಾನೇ ಬಾಯಿಬಿಟ್ಟು ಕೇಳುವ ಪದ್ಧತಿ ಆ ಏರಿಯ ಮೇಲೆ ಇರಲಿಲ್ಲ. ನೀರುಗಂಟಿಯ ಮಾತೇ ಕೊನೆಯ ಮಾತು. ಅವನು ಹೇಳದಿದ್ದರೆ ನೀರಿಲ್ಲ.

ಆದಿಲಕ್ಷ್ಮಿ ಗಂಟಲು ಸರಿಮಾಡಿಕೊಂಡಳು. ಆ ಸದ್ದು ಈಗಷ್ಟೇ ಸ್ಪೀಕರಿನಿಂದ ಬಂದ ಸದ್ದಿನಂತೆಯೇ ಇತ್ತು.

“ನಾಯ್ನ ತಪ್ಪಿದ್ರು,” ಎಂದಳು. “ಒಂಬತ್ತು ಆದ್ಮೇಲೆ ಕೆಮ್ಮು ಬಂತಲ್ಲ, ನೀರು ಕುಡಿದು ಎಣಿಕೆ ಬಿಟ್ಬಿಟ್ರು. ಒಂಬತ್ತರ ಪಕ್ಕದ ಗದ್ದೆ ಹುಸೇನ್ ಸಾಬಣ್ಣಂದು. ಬೆಳಗಿನ ಜಾವದ ನೀರು ಅವ್ರಿಗೆ, ಎರಡು ಗಳಿಗೆ. ನಾನು ಚಿಕ್ಕೋಳಿದ್ದಾಗ ನಾಯ್ನನ ಜೊತೆ ಮಡಿ ಒಡೆಯಕ್ಕೆ ಹೋಗ್ತಿದ್ದೆ. ಅಲ್ಲಿ ಕಾಲುವೆ ಕಲ್ಲು ಒಡೆದದೆ, ಎಡಗಡೆ ಮಣ್ಣು ಕೊಡ್ಬೇಕು, ಇಲ್ದಿದ್ರೆ ನೀರು ಹಳ್ಳಕ್ಕೆ ಹೋಗ್ತದೆ.”

ಕುರ್ಚಿಯ ಮುದುಕಿ, ಹೌದು, ಆ ಕಲ್ಲು ಒಡೆದಿದ್ದು ನನ್ನ ಮದುವೆಯಾದ ವರ್ಷ, ಎಂದಳು. ಆಮೇಲೆ ಒಬ್ಬೊಬ್ಬರಿಗೂ ಏನೇನೋ ನೆನಪಾಗತೊಡಗಿತು. ಹುಸೇನ್ ಸಾಬರ ಗಡ್ಡ ಅಲ್ಲಾಡುತ್ತಿತ್ತು.

ಪರ್ವೀನ್ ಹೊಂಗೆಯ ಬುಡದಿಂದ ಎದ್ದು ಬಂದಳು. ಒಂಬತ್ತು ವರ್ಷದಲ್ಲಿ ತಿದ್ದುವವರು ಎಂಬ ಪಾತ್ರವನ್ನು ಅವಳು ಕೊಟ್ಟಿದ್ದು ನಾಲ್ಕೇ ಜನಕ್ಕೆ: ಇಬ್ಬರು ನಿವೃತ್ತ ಮೇಷ್ಟರು, ಒಬ್ಬ ಎಂಜಿನಿಯರು, ಒಬ್ಬರು ಸರ್ವೆ ಇಲಾಖೆಯವರು. ಓದಿದವರಿಗೇ ಅದು ಎಂದು ಅವಳ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು. ನಿಯಮದಲ್ಲಿ ಹಾಗೆ ಎಲ್ಲೂ ಬರೆದಿರಲಿಲ್ಲ. ತಪ್ಪನ್ನು ತೋರಿಸಬಲ್ಲವರು ಎಂದಷ್ಟೇ ಇತ್ತು.

ಒಪ್ಪುವವರು ಕೈ ಎತ್ತಿ ಎಂದಳು. ಮೂವತ್ತು ಕೈ ಎದ್ದವು. ಹುಸೇನ್ ಸಾಬರ ಕೈ ಎಲ್ಲರಿಗಿಂತ ತಡವಾಗಿ, ಕಣ್ಣೊರೆಸಿಕೊಂಡ ಮೇಲೆ ಎದ್ದಿತು.

ಏರಿಯ ಕಲ್ಲಿನ ಮೇಲೆ ಕೂತು ಪರ್ವೀನ್ ತನ್ನ ಫೋನಿನಲ್ಲೇ ತಿದ್ದುವವರ ಪಟ್ಟಿಗೆ ಆದಿಲಕ್ಷ್ಮಿಯ ಹೆಸರು ತುಂಬಿದಳು. ಮುನಿರಾಮಪ್ಪನ ಮಾತಿನಲ್ಲಿ ಹುಸೇನ್ ಸಾಬರ ಗದ್ದೆಯನ್ನು ಎಲ್ಲಿ ಸೇರಿಸಬೇಕು, ಕೆಮ್ಮಿನ ಜಾಗವನ್ನು ಕತ್ತರಿಸಿ ತೆಗೆಸಲೇ ಎಂದು ಕೇಳಿದಳು. ಕಂಪನಿಯವರಿಗೆ ಹೇಳಿದರೆ ಮಾಡಿಕೊಡುತ್ತಾರೆ, ಮಾತು ಚೊಕ್ಕವಾಗುತ್ತದೆ.

ಆದಿಲಕ್ಷ್ಮಿ ಅವಳ ಕೈಮೇಲೆ ಕೈಯಿಟ್ಟಳು.

“ನಾಯ್ನನ ಬಾಯಿಗೆ ಕತ್ತರಿ ಹಾಕ್ಬೇಡಮ್ಮ. ಅವ್ರು ಎಡವಿದ್ದು ಎಡವಿದಂಗೇ ಇರ್ಲಿ. ನಾನೇಳಿದ್ದು ಪಕ್ಕದಲ್ಲಿ ಬರ್ಕೋ.”

ಪರ್ವೀನ್ ಆಕೆಯ ಫೋನಿನಲ್ಲಿ ಕಡತ ತೆರೆದು, ಪಕ್ಕದಲ್ಲಿ ಬರೆದಳು: ಒಂಬತ್ತರ ನಂತರ ಹುಸೇನ್ ಸಾಬ್, ಬೆಳಗಿನ ಜಾವ, ಎರಡು ಗಳಿಗೆ. ಹೇಳಿದವರು ಆದಿಲಕ್ಷ್ಮಿ. ಉಳಿಸಿದಳು. ಆದಿಲಕ್ಷ್ಮಿಯ ಫೋನಿನಲ್ಲಿ ಬೀಗದ ಗುರುತು ಒಂದು ಕ್ಷಣ ನಡುಗಿ, ಮಾಯವಾಯಿತು.

ಅವಳು ತೂಬಿನ ಕಡೆ ನಡೆದಳು. ಕದಿರೇಶ್, ಹುಸೇನ್ ಸಾಬ್ ಹಿಂದೆ ಹೋದರು. ಮೂವರೂ ಸೇರಿ ತೂಬಿನ ಕೊಂತವನ್ನು, ಅದರ ಉದ್ದನೆಯ ಸಲಾಕೆಯನ್ನು, ಹಿಡಿದು ಎಳೆದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಏರಿಯ ಹೊಟ್ಟೆಯೊಳಗೆ ಎಲ್ಲೋ ಒಂದು ಗುಡುಗುಡು ಎದ್ದು, ಜನರ ಕಾಲ ಕೆಳಗೆ ಹಾದು, ಆ ಬದಿಯ ಕಾಲುವೆಯಲ್ಲಿ ಕೆಸರುನೀರಾಗಿ ಹೊರಬಂತು. ಗುಡಿ ಗದ್ದೆಯ ಕಡೆಗೆ ಜನ ನೀರಿನ ಜೊತೆ ಜೊತೆಗೇ ನಡೆದರು.

ಆದಿಲಕ್ಷ್ಮಿ ಅವರ ಹಿಂದೆ ಸ್ವಲ್ಪ ದೂರ ಹೋಗಿ, ನಿಂತು, ಫೋನನ್ನು ಕಿವಿಗೆ ಹಿಡಿದಳು.